ಪಾಳಿಯ ಕಾರಿಗೆ ಬೇರೆ ಗೇರ್‌ಬಾಕ್ಸ್ ಹಾಕಿಸಿದ ಬಗ್ಗೆ

ಮಾನ್ಯ ಓದುಗರ ಸನ್ನಿಧಾನಕ್ಕೆ,

ಬರೆಯಲು ಆರಂಭಿಸುವ ಮೊದಲೇ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಾಗಿಲ್ಲ. ಸಾಲುಗಳು ಬಲಕ್ಕೆ ಹೋದಂತೆ ಇಳಿಜಾರಾಗುತ್ತವೆ. ಮಹಾಪ್ರಾಣ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದರಲ್ಲಿ ಈ ವಯಸ್ಸಿನಲ್ಲೂ ನನಗೆ ಖಾತ್ರಿಯಿಲ್ಲ. ಬೈಲಹೊಂಗಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ನಾನು ಬರೆದದ್ದು ಟಿಪ್ಪಣಿ, ಜ್ಞಾಪನ ಮತ್ತು ರಜೆಯ ಅರ್ಜಿ ಮಾತ್ರ. ಆದ್ದರಿಂದ ಈ ಬರಹಕ್ಕೂ ಅದೇ ಧಾಟಿ ಬಂದಿದ್ದರೆ ಅದು ಬೇರೆ ಧಾಟಿ ತಿಳಿಯದ ಕಾರಣಕ್ಕೇ ಹೊರತು ಉದ್ಧಟತನದಿಂದಲ್ಲ.

ಈವರೆಗೆ ನಾನು ಬರೆದ ಮುಖ್ಯ ಕಾಗದಗಳನ್ನೆಲ್ಲ ನನ್ನ ಅಣ್ಣ ನೋಡಿ ತಿದ್ದಿಕೊಡುತ್ತಿದ್ದ. ಅವನು ಕನ್ನಡ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಈ ಒಂದು ಕಾಗದವನ್ನು ಅವನಿಗೆ ತೋರಿಸುವಂತಿಲ್ಲ. ಕಾರಣ ಮುಂದೆ ತಮಗೆ ತಿಳಿಯುತ್ತದೆ.

ವಿಷಯ: ಅಣ್ಣನ ಪೂಜೆಯ ಪಾಳಿ ಉಳಿಸುವ ಉದ್ದೇಶದಿಂದ ಚಿಕ್ಕ ಕಾರಿಗೆ ಬೇರೆ ಗೇರ್‌ಬಾಕ್ಸ್ ಹಾಕಿಸಿದ್ದು ಮತ್ತು ತತ್ಪರಿಣಾಮ.

ಉಲ್ಲೇಖ: ಅಣ್ಣ ನನಗೆ ಎರಡು ಸಲ ಕೇಳಿದ ಒಂದೇ ಪ್ರಶ್ನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ನಮ್ಮ ಮೂಲ ಊರು ರಾಮದುರ್ಗ ತಾಲೂಕಿನಲ್ಲಿ, ತೊರಗಲ್ಲಿನಿಂದ ಸ್ವಲ್ಪ ಆಚೆ, ಹೊಳೆಯ ದಂಡೆಗಿದೆ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಸಣ್ಣ ಗುಡಿ. ಹೊರಗಿನವರಿಗೆ ಆ ಗುಡಿ ಗೊತ್ತಿಲ್ಲ; ನಮ್ಮ ಮೂರು ಮನೆಗಳಿಗೆ ಮಾತ್ರ ಗೊತ್ತು. ಮೂರು ಮನೆಗಳವರೂ ಸರದಿಯಂತೆ ಪೂಜೆ ಮಾಡುತ್ತಾರೆ. ಇದಕ್ಕೆ ಪಾಳಿ ಎನ್ನುತ್ತೇವೆ. ಉಳಿದೆರಡು ಮನೆಗಳಲ್ಲಿ ಜನ ಹೆಚ್ಚು, ಅವರ ತಿಂಗಳುಗಳೂ ಹೆಚ್ಚು. ನಮ್ಮ ಮನೆಗೆ ಉಳಿದಿದ್ದದ್ದು ಮಾರ್ಗಶಿರ ಮಾಸ ಒಂದೇ.

ಪಾಳಿಯ ಕಟ್ಟಳೆ ಹೀಗಿದೆ. ದಿನವೂ ನಸುಕಿನಲ್ಲಿ ಹೊಳೆಯಿಂದ ಎರಡು ತಾಮ್ರದ ಕೊಡ ನೀರು ತುಂಬಬೇಕು. ಗುಡಿಯ ಬಾಗಿಲು ಮೂಡಣಕ್ಕಿದೆ. ಬಿಸಿಲು ಹೊಸ್ತಿಲಿನ ಮೇಲೆ ಬೀಳುವ ಮೊದಲು ಆ ನೀರು ಒಳಗೆ ಹೋಗಿರಬೇಕು. ನೀರನ್ನು ಒಯ್ಯುವವನು ದೀಕ್ಷೆ ಪಡೆದವನೇ ಆಗಿರಬೇಕು, ಮಡಿಯಲ್ಲಿರಬೇಕು. ಮನೆಗೊಬ್ಬರಿಗೆ ಮಾತ್ರ ದೀಕ್ಷೆ. ನಮ್ಮ ತಂದೆ ಅದನ್ನು ಅಣ್ಣನಿಗೆ ಕೊಟ್ಟು ಹೋದರು. ಪಾಳಿಯಲ್ಲಿ ಒಂದು ದಿನ ನೀರು ತಪ್ಪಿದರೂ ಆ ಮನೆಯ ತಿಂಗಳು ಅದರ ಹಿಂದಿನ ಪಾಳಿಯ ಮನೆಗೆ ಕಾಯಂ ಆಗಿ ಹೋಗುತ್ತದೆ. ಈ ಮಾತು ಯಾವ ಕಾಗದದಲ್ಲೂ ಇಲ್ಲ, ಆದರೆ ಮೂರೂ ಮನೆಯವರು ಇದನ್ನು ಮೀರಿದ್ದು ನಾನು ಕೇಳಿಲ್ಲ.

ಅಣ್ಣನಿಗೆ ಗಂಡು ಮಕ್ಕಳಿಲ್ಲ. ಅದರ ಬಗ್ಗೆ ಅವನು ಕೊರಗಿದವನಲ್ಲ. ಮಾಸ್ತರಿಕೆಯ ಬಗ್ಗೆಯೂ ಅವನಿಗೆ ಹೇಳಿಕೊಳ್ಳುವಂಥ ಅಭಿಮಾನವಿರಲಿಲ್ಲ. ವರ್ಷದ ಹನ್ನೊಂದು ತಿಂಗಳು ಅವನು ಆ ಒಂದು ತಿಂಗಳಿಗಾಗಿ ಬದುಕುತ್ತಿದ್ದ ಎಂದರೆ ಅತಿಶಯವಾಗಲಿಕ್ಕಿಲ್ಲ. ಆದರೆ ಅವನ ಎರಡೂ ಮೊಣಕಾಲು ಹೋದವು. ಮೆಟ್ಟಿಲು ಹತ್ತುವುದು ಸಾಧ್ಯವಿಲ್ಲವೆಂದು ಡಾಕ್ಟರರು ಹೇಳಿದ ದಿನ, ಕುರ್ಚಿಯಲ್ಲಿ ಕೂಡಿಸಿ ಹೊತ್ತುಕೊಂಡು ಹೋಗೋಣವೇ ಎಂದು ನಾನು ಕೇಳಿದೆ.

"ನಾಲ್ಕು ಮಂದಿ ನನ್ನ ಹೊತ್ಕೊಂಡು ಹೋಗೂದು ಒಂದ ಸಲ ಅದನೋ ತಮ್ಮಾ. ಅದಕ್ಕ ಈಗ್ಲೇ ಅವಸರ ಮಾಡಬ್ಯಾಡ" ಎಂದ.

ಗುಡ್ಡದ ಹಿಂಬದಿಗೆ, ನೀರಿನ ಟಾಕಿ ಕಟ್ಟುವಾಗ ಮಾಡಿದ ಗರಸಿನ, ಅಂದರೆ ಸಡಿಲ ಜಲ್ಲಿಮಣ್ಣಿನ, ಕಚ್ಚಾ ರಸ್ತೆಯಿದೆ. ಬಾಡಿಗೆಯ ಜೀಪಾಗಲಿ ಟ್ರ್ಯಾಕ್ಟರಾಗಲಿ ಅಣ್ಣನಿಗೆ ನಡೆಯದು; ಮಡಿಯಲ್ಲಿದ್ದವನು ಪರರ ವಾಹನ ಏರುವಂತಿಲ್ಲ. ಮನೆಯದೇ ವಾಹನ, ಮನೆಯವನೇ ಚಾಲಕ ಆಗಬೇಕು. ಆದ್ದರಿಂದ ನಾನು ಒಂದು ಹಳೆಯ ಚಿಕ್ಕ ಕಾರನ್ನು ಕೊಂಡೆ. ಹಿಂದೆ ಮೇಲಕ್ಕೆ ತೆರೆಯುವ ಬಾಗಿಲಿನದು. ಹಿಂದಿನ ಸೀಟನ್ನು ಬಿಚ್ಚಿ ತೆಗೆದೆವು, ಏಕೆಂದರೆ ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲ. ಆ ಜಾಗವನ್ನು ಅರಿಶಿನದ ನೀರಿನಿಂದ ತೊಳೆದು, ಹಿಂಬಾಗಿಲಿಗೆ ಹತ್ತಿರ ಒಂದು ಮಣೆ ಹಾಕಿ ಅಣ್ಣ ಕೂಡುತ್ತಿದ್ದ. ಎರಡೂ ಬಗಲಿಗೆ ಕೊಡಗಳು. ಪ್ಯಾಂಟು ತೊಟ್ಟು ಪೆಟ್ರೋಲು ಮುಟ್ಟಿದ ನಾನು ಮುಂದೆ. ನಮ್ಮಿಬ್ಬರ ನಡುವೆ ಒಂದು ಹಲಗೆ ಅಡ್ಡ. ನನ್ನ ಪಕ್ಕದ ಸೀಟು ಖಾಲಿ.

ಹೋದ ಮಾರ್ಗಶಿರದ ಹಿಂದಿನ ಮಾರ್ಗಶಿರದಲ್ಲಿ ಹೀಗೇ ನಡೆಯಿತು, ಆದರೆ ದಿನವೂ ಏರಿನ ಅರ್ಧದಲ್ಲಿ, ತಿರುವಿನ ಹತ್ತಿರ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಊದಿನಕಡ್ಡಿಯ ವಾಸನೆಯನ್ನು ಮೀರಿಸುತ್ತಿತ್ತು. ಮೊದಮೊದಲು ಹತ್ತಾರು ಸಲ ಹಿಮ್ಮೆಟ್ಟಿ ಹೇಗೋ ಏರಿಸುತ್ತಿದ್ದೆ. ಕೊನೆಯ ಏಳೆಂಟು ದಿನ ಅದೂ ಆಗದೆ ಅಣ್ಣ ತಿರುವಿನಲ್ಲಿ ಇಳಿದು, ಒಂದೊಂದೇ ಕೊಡವನ್ನು ಮುಂದಿಟ್ಟು, ಅದರ ಹಿಂದೆ ಕೈಯೂರಿ ತೆವಳಿ ಮೇಲೆ ಮುಟ್ಟಿದ. ನಾನು ನೋಡುತ್ತ ನಿಂತಿದ್ದೆ. ಕೊಡವನ್ನು ನಾನು ಮುಟ್ಟುವಂತಿರಲಿಲ್ಲ.

ಹೀಗಾಗಿ, ಕಾರಿನ ಶಕ್ತಿ ಸಾಲದು ಎಂಬ ತೀರ್ಮಾನಕ್ಕೆ ನಾವು ಬಂದೆವು. ಬೈಲಹೊಂಗಲದಲ್ಲಿ ದೊಡವಾಡದ ರಸ್ತೆಗೆ, ಬೇವಿನ ಮರದಡಿ ಗ್ಯಾರೇಜು ಇಟ್ಟಿರುವ ಒಬ್ಬ ಮಿಸ್ತ್ರಿ ನನಗೆ ಪರಿಚಿತ. ಅವನು ಬಾನೆಟ್ ಎತ್ತಿ ನೋಡಿ, ಕ್ಲಚ್ ಪ್ಲೇಟನ್ನು ಬಿಚ್ಚಿ ತೋರಿಸಿದ. ಅದು ಕರಕಲಾದ ರೊಟ್ಟಿಯಂತಾಗಿತ್ತು.

"ಸಾಹೇಬ್ರ, ಇಂಜಿನ್ನಿಗೆ ಏನೂ ಆಗಿಲ್ರಿ. ಈ ಗಾಡಿ ದಾಪುಗಾಲು ಹಾಕತೈತಿ, ಅದ ಇದರ ರೋಗ" ಎಂದ.

"ಅಂದ್ರ?"

"ಕಂಪನಿಯವ್ರು ಪೆಟ್ರೋಲ್ ಉಳೀಲಿ ಅಂತ ಉದ್ದ ಹೆಜ್ಜಿ ಬಾಕ್ಸ್ ಕೊಟ್ಟಾರ್ರಿ. ಸಪಾಟ ರಸ್ತಾಕ್ಕ ಚಲೋ. ದಿಬ್ಬಾ ಏರಾಕ ಉದ್ದುದ್ದ ಹೆಜ್ಜಿ ಹಾಕಿ ನೋಡ್ರಿ, ನಿಮಗ ಉಸರ ಹತ್ತತೈತೋ ಇಲ್ಲೋ? ಇದರದ ಹಳೇ ಮಾಡಲ್ಲಿಂದು ಸಣ್ಣ ಹೆಜ್ಜಿ ಬಾಕ್ಸ್ ಬರ್ತಿತ್ರಿ. ಅದು ಸಿಕ್ರ ಇದಕ್ಕ ನೆಟ್ಟಗ ಕುಂದರತೈತಿ. ಗ್ವಾಡಿ ಅಂದ್ರ ಗ್ವಾಡಿ ಏರತೈತಿ."

"ಗೋಡೆ ಬ್ಯಾಡಪಾ, ಗುಡ್ಡ ಏರಿದ್ರ ಸಾಕು" ಎಂದೆ. ನನ್ನ ಜೀವನದಲ್ಲಿ ನಾನು ನಗೆಯಾಡುವುದು ಅಪರೂಪ. ಆ ದಿನ ಆಡಿದ್ದು ನೆನಪಿದೆ.

ಆ ಬಾಕ್ಸಿಗಾಗಿ ಐದು ರವಿವಾರ ತಿರುಗಿದೆವು. ಕೊನೆಗೆ ಕಿತ್ತೂರಿನ ಹತ್ತಿರ, ಹೆದ್ದಾರಿಯ ಬದಿಗೆ ಅಪಘಾತದ ವಾಹನಗಳನ್ನು ಒಡೆಯುವ ಒಂದು ಅಂಗಳದಲ್ಲಿ ಅದು ದೊರೆಯಿತು. ಮುಂಭಾಗ ಜಜ್ಜಿಹೋದ ಕಾರೊಂದರ ಕೆಳಗೆ, ಕೆಸರು ಮೆತ್ತಿಕೊಂಡು ಬಿದ್ದಿತ್ತು. ನನಗೆ ಅದನ್ನು ನೋಡಿ ಮನಸ್ಸಿಗೆ ಹಿತವೆನಿಸಲಿಲ್ಲ. ಆ ಕಾರಿನವರ ಗತಿ ಏನಾಯಿತೋ ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದೆ. ದೇವರ ಕೆಲಸಕ್ಕೆ ಒಯ್ಯುವ ವಸ್ತುವಿನ ಪೂರ್ವವೃತ್ತಾಂತ ಕೇಳದಿರುವುದೇ ಲೇಸು ಎನಿಸಿತು.

ಮಿಸ್ತ್ರಿ ಮಾತ್ರ ಬರಿಗಣ್ಣಿನಿಂದ ನಂಬುವವನಲ್ಲ. ಗ್ಯಾರೇಜಿಗೆ ತಂದ ಮೇಲೆ ಹಳೆಯ ಬಾಕ್ಸನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಎರಡನ್ನೂ ಮೊದಲನೇ ಗೇರಿಗೆ ಹಾಕಿ, ಇಂಜಿನ್ ಕಡೆಯ ದಂಡವನ್ನು ಕೈಯಿಂದ ತಿರುಗಿಸತೊಡಗಿದ. ಚಕ್ರದ ಕಡೆಗೆ ಸೀಮೆಸುಣ್ಣದ ಗುರುತು ಹಾಕಿ, ಅದು ಒಂದು ಸುತ್ತು ಬರಲು ಇತ್ತ ಎಷ್ಟು ಸುತ್ತಬೇಕೆಂದು ಎಣಿಸುವ ಕೆಲಸ ನನ್ನದಾಗಿತ್ತು. ಹಳೆಯದಕ್ಕೆ ಹದಿನಾಲ್ಕರ ಮೇಲೆ ಸ್ವಲ್ಪ. ಹೊಸದಕ್ಕೆ ಹದಿನೇಳಕ್ಕೆ ಸ್ವಲ್ಪ ಕಡಿಮೆ. ಮೂರು ಸಲ ಎಣಿಸಿದೆವು, ಮೂರು ಸಲವೂ ಹಾಗೆಯೇ ಬಂತು.

"ಬರಕೋರಿ ಸಾಹೇಬ್ರ. ಒಂದ ಸುತ್ತಿಗೆ ಎರಡೂವರಿ ಸುತ್ತು ಜಾಸ್ತಿ ಜೋರು ನಿಮ್ಮ ಅಣ್ಣಾರಿಗೆ" ಎಂದು ಮಿಸ್ತ್ರಿ ಎಣ್ಣೆಗೈಯನ್ನು ಬೇವಿನ ಬೊಡ್ಡೆಗೆ ಒರೆಸಿದ. ನಾನು ಕಚೇರಿಯ ಡೈರಿಯಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ಇದೆ.

ಜೋಡಿಸುವ ಕೆಲಸ ಎರಡು ದಿನ ಹಿಡಿಯಿತು. ಇಂಜಿನ್ ಕೆಳಗೆ ಕುಸಿಯದಂತೆ ಬಾನೆಟ್ಟಿನ ಮೇಲೆ ಅಡ್ಡ ತೊಲೆಯಿಟ್ಟು ಸರಪಳಿ ಬಿಗಿದ. ಹಳೆಯ ಬಾಕ್ಸನ್ನು ಇಳಿಸಿದ. ಹೊಸದನ್ನು ತೊಳೆದು, ಸೀಲುಗಳನ್ನು ಬದಲಿಸಿ, ಕಾರಿನಡಿ ಅಂಗಾತ ಮಲಗಿ ಎದೆಯ ಮೇಲೆ ಇಟ್ಟುಕೊಂಡು ಮೇಲಕ್ಕೆ ಎತ್ತಿದ. ದಂಡ ಕ್ಲಚ್ಚಿನ ಹಲ್ಲುಗಳಲ್ಲಿ ಕೂಡದೆ ಹಟ ಹಿಡಿದಾಗ ಅದರ ಜೊತೆ ಮಾತನಾಡುತ್ತಿದ್ದ: "ಬಾ ನಮ್ಮವ್ವಾ, ಬಾ. ಬೀಗರ ಮನಿ ಅಲ್ಲ, ನಿನ್ನ ಮನೀನ ಐತಿ." ಒಂದು ಸಲ ಟಕ್ಕೆಂದು ಸದ್ದಾಗಿ ಅದು ಒಳಗೆ ಕೂತಿತು. ಮಿಸ್ತ್ರಿ ಕೆಳಗಿನಿಂದಲೇ, "ಕುಂತಳ್ರಿ!" ಎಂದು ಕೂಗಿದ. ನನಗೆ ಕಣ್ಣಲ್ಲಿ ನೀರು ಬಂತು.

ಸವದತ್ತಿಯ ಗುಡ್ಡದ ಡಾಂಬರು ಏರಿನಲ್ಲಿ ನಾನೊಬ್ಬನೇ ಓಡಿಸಿ ನೋಡಿದೆ. ಕಾರು ಎರಡನೇ ಗೇರಿನಲ್ಲೇ ಸಲೀಸಾಗಿ ಏರಿತು. ಸಪಾಟು ರಸ್ತೆಯಲ್ಲಿ ಮಾತ್ರ ಕೊನೆಯ ಗೇರಿನಲ್ಲೂ ಇಂಜಿನ್ ಅರಚುತ್ತಿತ್ತು. ಕಬ್ಬಿನ ಟ್ರ್ಯಾಕ್ಟರನ್ನು ಬಿಟ್ಟರೆ ಉಳಿದವರೆಲ್ಲ ನನ್ನನ್ನು ದಾಟಿ ಹೋಗುತ್ತಿದ್ದರು. ನನಗೆ ಅದರ ಖೇದವಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಈ ಕಾಗದ ಇರುವುದು ಅದಕ್ಕಾಗಿಯೇ.

ಪಾಳಿ ಆರಂಭವಾಗಲು ಎರಡು ದಿನವಿರುವಾಗ ಕಾರನ್ನು ಊರಿಗೆ ಒಯ್ದೆ. ಗರಸಿನ ಏರನ್ನು ಸ್ವತಃ ನೋಡಬೇಕೆಂದು ಮಿಸ್ತ್ರಿಯೂ ಜೊತೆಗೆ ಬಂದ. ನಾವು ಮುಟ್ಟುತ್ತಲೇ ಅಣ್ಣ ಹಿಂಬಾಗಿಲು ತೆಗೆಸಿ, ತಾನೇ ಕುಳಿತಲ್ಲಿಂದ ಬಗ್ಗಿ ಬಗ್ಗಿ ಹಿಂದಿನ ಜಾಗವನ್ನೆಲ್ಲ ಅರಿಶಿನದ ನೀರಿನಿಂದ ತೊಳೆದ. ಮಣೆ ಹಾಕಿ, ಹಲಗೆ ಅಡ್ಡ ಕಟ್ಟಿದ. ಮಧ್ಯಾಹ್ನ ಮಿಸ್ತ್ರಿ, "ತೂಕ ಹಾಕಿ ಏರಿಸಿ ನೋಡೂಣ್ರಿ. ಆ ಕೊಡಾ ತುಂಬಿ ಇಡ್ರಿ, ಅಣ್ಣಾರು ಕುಂದರ್ಲಿ" ಎಂದ.

"ಕೊಡ ಅಟ್ಟದಿಂದ ಇಳಿಯೂದು ಪಾಳಿ ದಿನಾನ" ಎಂದು ಅಣ್ಣ ಒಳಗಿನಿಂದ ಹೇಳಿದ. "ಮಣಿ ಮ್ಯಾಲೆ ಕೂಡೂದೂ ಆವತ್ತ."

"ಹಂಗಾರ ಎರಡು ಜ್ವಾಳದ ಚೀಲಾನರ ಹಾಕೂಣ್ರಿ, ಹಿಂದ."

ಜೋಳದ ಚೀಲಗಳು ಗೋಣಿಯವು. ತೊಳೆದಿಟ್ಟ ಜಾಗದಲ್ಲಿ ಗೋಣಿ ಹಾಕುವುದು ಹೇಗೆ? ಅಣ್ಣನನ್ನು ಕೇಳಬಹುದಿತ್ತು. ಕೇಳಿದ್ದರೆ ಅವನು ಗೊಣಗುತ್ತಿದ್ದ, ಚೀಲ ಇಳಿಸಿದ ಮೇಲೆ ಮತ್ತೊಮ್ಮೆ ತೊಳೆಯುತ್ತಿದ್ದ. ಒಂದು ಬಕೆಟ್ ನೀರಿನ ಕೆಲಸ. ಆದರೆ ಅವನು ಆಗಷ್ಟೇ ಬಗ್ಗಿ ಸೊಂಟ ಹಿಡಿದುಕೊಂಡು ಒಳಗೆ ಹೋಗಿದ್ದ. ನನಗೆ ಸಂಕೋಚವಾಯಿತು. "ಹಿಂದ ಬ್ಯಾಡ. ಮುಂದ ಈ ಖಾಲಿ ಸೀಟಿನ್ಯಾಗ ಒಂದು, ಅದರ ಕೆಳಗ ಒಂದು ಇಡೋಣು" ಎಂದೆ.

ಮಿಸ್ತ್ರಿ ತಲೆ ಕೆರೆದುಕೊಂಡ. "ತೂಕ ಹಿಂದ ಬರೂದಲ್ರಿ ಸಾಹೇಬ್ರ ಖರೇ ಅಂದ್ರ?"

"ತೂಕ ಅಂದ್ರ ತೂಕ. ಎಲ್ಲಿಟ್ರೇನು, ಎಳಿಯೂ ಇಂಜಿನ್ ಒಂದ ಅಲ್ಲೇನು?"

ಈ ಮಾತನ್ನು ಹೇಳಿದವನು ನಾನು. ಅವನಿಗೂ ಬಸ್ಸಿನ ಹೊತ್ತಾಗಿತ್ತು, ವಾದಿಸಲಿಲ್ಲ. ಚೀಲಗಳನ್ನು ಮುಂದೆ ಹೇರಿ, ಮಿಸ್ತ್ರಿಯನ್ನು ಏರಿನ ಬುಡದಲ್ಲಿ ನಿಲ್ಲಿಸಿ, ಒಬ್ಬನೇ ಏರಿಸಿದೆ. ಕಾರು ತಿರುವನ್ನು ದಾಟಿ, ಮೇಲಿನ ನೆಟ್ಟಗಿನ ಏರನ್ನೂ ದಾಟಿ, ಗುಡಿಯ ಮುಂದೆ ಹೋಗಿ ನಿಂತಿತು. ಎಲ್ಲಿಯೂ ತಡೆಯಲಿಲ್ಲ, ಕ್ಲಚ್ ವಾಸನೆ ಬರಲಿಲ್ಲ. ಕೆಳಗೆ ಬಂದಾಗ ಮಿಸ್ತ್ರಿ ಬಾಗಿಲು ಬಡಿದು, "ಏನ್ ಏರಿದಳ್ರಿ, ಆಡಿನ ಮರಿ ಏರಿದಂಗ!" ಎಂದ.

ಸಂಜೆ ಅಣ್ಣ ಕೇಳಿದ: "ತೂಕ ಹಾಕಿ ನೋಡಿದ್ರೇನು?"

"ಹ್ಞೂಂ. ಎರಡು ಚೀಲ ಹಾಕಿ ನೋಡೇವಿ" ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಚೇರಿಯಲ್ಲಿ ನಾವು ಎಷ್ಟೋ ಉತ್ತರಗಳನ್ನು ಹೀಗೆಯೇ ಕೊಡುತ್ತೇವೆ. ಅಣ್ಣ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡನೆಂದು ಅವನ ಹೆಂಡತಿ, ನಮ್ಮ ವೈನಿ, ಹೇಳಿದರು.

ಪಾಳಿಯ ಮೊದಲ ನಸುಕು. ಒಂದು ತಿಂಗಳ ರಜೆ ಮಂಜೂರಾಗಿತ್ತು. ಹೊಳೆಯ ನೀರು ಕಾಲು ಕೊರೆಯುವಷ್ಟು ತಣ್ಣಗಿತ್ತು. ಅಣ್ಣ ಮೊಣಕಾಲ ಮಟ್ಟ ಇಳಿದು ಎರಡೂ ಕೊಡ ತುಂಬಿ, ಹಸಿ ಪಂಜೆಯಲ್ಲಿ ಮಣೆಯ ಮೇಲೆ ಕೂತ. ನಾನು ಹೊರಟೆ. ತಿರುವಿನ ತನಕ ಕಾರು ಸರಾಗವಾಗಿ ಹೋಯಿತು. ತಿರುವಿನಲ್ಲಿ, ಹಿಂದಿನ ವರ್ಷ ಇಂಜಿನ್ ನಿಲ್ಲುತ್ತಿದ್ದ ಅದೇ ಜಾಗದಲ್ಲಿ, ಇಂಜಿನ್ ನಿಲ್ಲಲಿಲ್ಲ. ಅದು ಜೋರಾಗಿ ಕೂಗಿತು. ಮುಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿ, ಗರಸನ್ನು ಹಿಂದಕ್ಕೆ ಎರಚಿದವು. ಕಾರು ಮುಂದೆ ಹೋಗಲಿಲ್ಲ, ಹಿಂದಕ್ಕೆ ಜಾರಿತು.

ಮತ್ತೆ ಏರಿಸಿದೆ, ಮತ್ತೆ ಜಾರಿತು. ಪೆಡಲನ್ನು ಒತ್ತಿದಷ್ಟೂ ಚಕ್ರಗಳು ಮಣ್ಣು ತೋಡುತ್ತಿದ್ದವು. ಕೊಡದ ನೀರು ತುಳುಕಿ ಅಣ್ಣನ ಪಂಜೆಗೆ ಬಿತ್ತು. "ಏನಾತೋ?" ಎಂದ. ಏನಾಯಿತೆಂದು ನನಗೆ ಗೊತ್ತಿರಲಿಲ್ಲ.

ಟಾಕಿಗೆ ನೀರು ಬಿಡುವ ಮನುಷ್ಯ ಸೈಕಲ್ ತಳ್ಳಿಕೊಂಡು ಮೇಲೆ ಹೊರಟಿದ್ದ. ಊರಿನವನೇ, ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಸೈಕಲ್ ನಿಲ್ಲಿಸಿ ಒಂದು ಕ್ಷಣ ಚಕ್ರಗಳನ್ನು ನೋಡಿ ಹೇಳಿದ:

"ರಾಯರ, ಈ ಗಾಡಿ ಎಳಿಯೂದು ಮುಂದಿನ ಗಾಲಿಲೆರಿ. ವಜ್ಜಿ ಎಲ್ಲಾ ಹಿಂದ ಹೇರೀರಿ. ಏರಿನ್ಯಾಗ ಮೂತಿ ಮ್ಯಾಲ ಎತ್ತತೈತಿ, ಗಾಲಿ ನೆಲಾನ ಹಿಡಿವಲ್ಲವು. ಜೋರು ಕಮ್ಮಿ ಇದ್ರ ಇಂಜಿನ್ ಬಂದ್ ಬೀಳ್ತಿತ್ತು. ಈಗ ಜೋರು ಜಾಸ್ತಿ ಆಗೇತಿ, ಗಾಲಿ ತಿರಗಾಕ ಹತ್ಯಾವು, ಅಷ್ಟ."

ಒಂದು ವರ್ಷದ ಚಿಂತೆ, ಐದು ರವಿವಾರ, ಎರಡು ದಿನದ ಮಿಸ್ತ್ರಿಯ ಬೆವರು. ಇಷ್ಟೂ ಅವನ ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ಸ್ಟೀರಿಂಗ್ ಹಿಡಿದ ನನ್ನ ಕೈಗೆ ಆ ಎರಡು ಜೋಳದ ಚೀಲಗಳ ಭಾರ ಆ ಕ್ಷಣದಲ್ಲಿ ಬಂತು.

"ನಾ ಮುಂದ ಕುಂದರಬೇಕಂದ್ರ ನಿಮ್ಮ ಮಡಿಗೆ ಬರೂದಿಲ್ಲ. ಕಲ್ಲು ಹೇರ್ರಿ" ಎಂದ. ನಾನು ಇಳಿದು ರಸ್ತೆ ಬದಿಯ ಕಲ್ಲುಗಳನ್ನು ಎತ್ತಿ ಎತ್ತಿ ಮುಂದಿನ ಸೀಟಿಗೆ ಹಾಕಿದೆ. ಉಗುರು ಕಿತ್ತಿತು. ಈ ಸಲ ಕಾರು ತಿರುವನ್ನು ದಾಟಿತು. ಮೇಲಿನ ನೆಟ್ಟಗಿನ ಏರಿನಲ್ಲಿ ಮತ್ತೆ ಜಾರಿ ಅಡ್ಡ ನಿಂತಿತು. ಮೂಡಣ ಕೆಂಪಾಗಿತ್ತು. ಹಿಂದಿನ ವರ್ಷದಂತೆ ಅಣ್ಣ ತೆವಳಿ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ.

"ಇನ್ನ ಒಂದ ಉಪಾಯ ಐತಿ" ಎಂದ ಆ ಮನುಷ್ಯ. "ಕೆಳಗ ಇಳಸಿ, ಗಾಡಿ ತಿರುವಿ, ರಿವರ್ಸ್ ಏರಸ್ರಿ. ಆಗ ವಜ್ಜಿ ಎಲ್ಲಾ ಎಳಿಯೂ ಗಾಲಿ ಮ್ಯಾಲ ಬೀಳತೈತಿ."

ಹಿಂದಿನಿಂದ ಅಣ್ಣನ ದನಿ ಬಂತು. "ದೇವರಿಗೆ ಬೆನ್ನ ಮಾಡಿ ನೀರ ಒಯ್ಯೂದೇನು?"

"ರಾಯರ, ನೀವ ಆ ಕಡೆ ತಿರುಗಿ ಕುಂದರ್ರಿ. ಗಾಡಿ ಬೆನ್ನ ಮಾಡಿದ್ರ ಮಾಡ್ಲಿ, ಅದಕ್ಕೇನ ದೀಕ್ಷಾ ಆಗೇತೇನು?" ಎಂದ ಆ ಮನುಷ್ಯ. ಬೇರೆ ಹೊತ್ತಿನಲ್ಲಾದರೆ ಅಣ್ಣ ಈ ಮಾತಿಗೆ ನಗುತ್ತಿದ್ದ.

ನಾನು ಕಾರನ್ನು ಕೆಳಗೆ ಇಳಿಸಿ, ಟಾಕಿಯ ಪೈಪಿನ ಬಳಿ ತಿರುಗಿಸಿದೆ. ಕನ್ನಡಿಯಲ್ಲಿ ಕಂಡದ್ದನ್ನು ಬರೆಯುತ್ತೇನೆ. ಅಣ್ಣ ತನ್ನ ಬಲಗಾಲನ್ನು ಎರಡೂ ಕೈಯಿಂದ, ಬೇರೆ ಯಾರದೋ ವಸ್ತುವಿನಂತೆ ಎತ್ತಿ ಆ ಕಡೆಗೆ ಇಟ್ಟ. ತುಸು ಹೊತ್ತು ಉಸಿರಾಡಿದ. ಆಮೇಲೆ ಎಡಗಾಲನ್ನು ಎತ್ತಿ ಇಟ್ಟ. ಹಿಂದಿನ ಗಾಜಿಗೆ ಮುಖ ಮಾಡಿ ಎರಡೂ ಕೊಡಗಳ ಕತ್ತನ್ನು ತಬ್ಬಿಕೊಂಡ. "ಹೂಂ, ನಡಿ" ಎಂದ. ನಾನು ಕತ್ತು ತಿರುಗಿಸಿ, ಅವನ ಬೆನ್ನನ್ನೂ ಅದರಾಚೆಗಿನ ರಸ್ತೆಯನ್ನೂ ನೋಡುತ್ತ ರಿವರ್ಸ್ ಗೇರಿನಲ್ಲಿ ಏರಿಸಿದೆ. ಕಾರು ಏರಿತು. ತಿರುವಿನಲ್ಲಿಯೂ ಏರಿತು, ನೆಟ್ಟಗಿನ ಏರಿನಲ್ಲಿಯೂ ಏರಿತು. ಹಳೆಯ ಗೇರ್‌ಬಾಕ್ಸಿನಲ್ಲಿಯೂ ಹೀಗೆ ಏರುತ್ತಿತ್ತೆಂದು ಮಿಸ್ತ್ರಿ ಆಮೇಲೆ ಹೇಳಿದ. ಯಾವ ಗಾಡಿಗಾದರೂ ರಿವರ್ಸೇ ಸಣ್ಣ ಹೆಜ್ಜೆಯ ಗೇರಂತೆ.

ಗುಡಿಯ ಮುಂದೆ ನಮ್ಮ ದಾಯಾದಿ, ಅಂದರೆ ಹಿಂದಿನ ತಿಂಗಳ ಪಾಳಿ ಮುಗಿಸಿದ ಮನೆಯ ಹಿರಿಯ, ಬೀಗದ ಕೈ ಒಪ್ಪಿಸಲು ಕಾಯುತ್ತಿದ್ದ. ಪಾಳಿ ಬದಲಾಗುವ ದಿನ ಹೀಗೆ ಒಬ್ಬರು ಬಂದಿರುವುದು ರೂಢಿ. ಹಿಂಬದಿಯಿಂದ ಏರಿ ಬಂದ ಕಾರನ್ನು ಕಂಡು ಅವನು ನಗಲಿಲ್ಲ. ಓಡಿಬಂದು ಹಿಂಬಾಗಿಲನ್ನು ತೆರೆಯಲು ಹೋದವನು, ಮಡಿಯ ನೆನಪಾಗಿ ಕೈ ಹಿಂದೆ ತೆಗೆದುಕೊಂಡ.

ಹೊಸ್ತಿಲಿನ ಮೇಲೆ ಬಿಸಿಲಿತ್ತು. ತೆಳ್ಳಗೆ, ಒಂದು ಬೆರಳು ಅಗಲ.

"ಅಣ್ಣಾ, ಬಡಾಬಡಾ ಒಳಗ ಒಯ್ಯಿ. ಈಗ ಬಿದ್ದದ, ಒಂದ ಗಳಿಗಿನೂ ಆಗಿಲ್ಲ" ಎಂದ ದಾಯಾದಿ. "ಇಲ್ಲಿ ಯಾರಿದ್ದೀವಿ? ನಾ ಏನೂ ನೋಡಿಲ್ಲ. ನೀ ಒಯ್ಯಿ."

ಅಣ್ಣ ಗಾಜಿನಾಚೆ ಹೊಸ್ತಿಲನ್ನೇ ನೋಡುತ್ತ ಕೂತಿದ್ದ. ಆ ಕಡೆಗೆ ತಿರುಗಿ ಕೂತಿದ್ದರಿಂದ, ನಮಗಿಂತ ಮೊದಲು ನೋಡಿದವನು ಅವನೇ.

"ನಾ ನೋಡೀನಲ್ಲಪಾ" ಎಂದ.

ಆಮೇಲೆ ಅವನು ಇಳಿದು, ಎರಡೂ ಕೊಡದ ನೀರನ್ನು ಗುಡಿಯ ಬಗಲಿಗಿದ್ದ ಪತ್ರಿ ಮರದ ಬುಡಕ್ಕೆ, ಒಂದು ಹನಿ ಹೊರಗೆ ಚೆಲ್ಲದಂತೆ ಸುರಿದ. ದಾಯಾದಿ ನೀಡಿದ ಬೀಗದ ಕೈಯನ್ನು ತೆಗೆದುಕೊಳ್ಳಲಿಲ್ಲ. "ನಿಮ್ಮ ಕಡೇನ ಇರ್ಲಿ. ಮಧ್ಯಾಹ್ನದ ನೈವೇದ್ಯ ತಡಾ ಮಾಡಬ್ಯಾಡ್ರಿ" ಎಂದ. ದಾಯಾದಿ ಅತ್ತ. ಅಣ್ಣ ಅಳಲಿಲ್ಲ. ನಮ್ಮ ಮನೆಯ ತಿಂಗಳು ಅಲ್ಲಿಗೆ ಮುಗಿಯಿತು. ಅದರ ಮೊದಲ ದಿನವೇ.

ಇಳಿಯುವಾಗ ಅಣ್ಣ ಎರಡನೆಯ ಸಲ ಕೇಳಿದ: "ಅಲ್ಲೋ, ತೂಕ ಹಾಕಿ ನೋಡೇವಿ ಅಂದಿದ್ದಿ?"

"ಹ್ಞೂಂ" ಎಂದೆ.

ಎಲ್ಲಿ ಇಟ್ಟಿದ್ದಿರಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಇದಕ್ಕೆ ನನ್ನಲ್ಲಿ ಪ್ರಾಮಾಣಿಕ ಉತ್ತರವಿಲ್ಲ. ತಾನು ದೇವರಿಗೆ ಬೇಡವಾದೆ ಎಂದು ಅವನು ತಿಳಿದಿದ್ದಾನೆ. ವೈನಿಯ ಮುಂದೆ ಹಾಗೆಂದನಂತೆ. ದೇವರದು ಏನೂ ಇಲ್ಲ, ಒಂದು ಬಕೆಟ್ ನೀರಿನ ಸಂಕೋಚಕ್ಕೆ ಹೀಗಾಯಿತು ಎಂದು ಹೇಳಿದರೆ ಅವನ ಭಾರ ಇಳಿಯುತ್ತದೋ ಹೆಚ್ಚುತ್ತದೋ ತಿಳಿಯದೆ ಸುಮ್ಮನಿದ್ದೇನೆ. ಸುಮ್ಮನಿರುವುದಕ್ಕೆ ಇದೊಂದು ನೆಪವೂ ಇರಬಹುದು.

ಕೊಡಗಳನ್ನು ವೈನಿ ಹುಣಸೆಹಣ್ಣಿನಿಂದ ತಿಕ್ಕಿ ಮತ್ತೆ ಅಟ್ಟಕ್ಕೆ ಏರಿಸಿದರು. ಮಿಕ್ಕ ರಜೆಯನ್ನು ರದ್ದುಪಡಿಸುವಂತೆ ಕೋರಿ ನಾನು ಅರ್ಜಿ ಬರೆದುಕೊಟ್ಟೆ. ಆ ಅರ್ಜಿಯನ್ನೂ ಅಣ್ಣ ತಿದ್ದಿದ. ಎರಡು ಕಡೆ ಒತ್ತಕ್ಷರ ಬಿಟ್ಟಿದ್ದೆ.

ಹಳೆಯ ಗೇರ್‌ಬಾಕ್ಸು ಈಗಲೂ ಬೇವಿನ ಮರದಡಿ ಬಿದ್ದಿದೆ. "ಅದನ್ನ ವಾಪಸ್ ಹಾಕ್ಲೇನ್ರಿ ಸಾಹೇಬ್ರ? ಸುಮ್ನ ಯಾಕ ಗಾಡಿ ಚೀರಸ್ತೀರಿ?" ಎಂದು ಮಿಸ್ತ್ರಿ ಕಂಡಾಗಲೆಲ್ಲ ಕೇಳುತ್ತಾನೆ. ಚೀಲದ ಮಾತನ್ನು ಅವನು ಒಮ್ಮೆಯೂ ಎತ್ತಿಲ್ಲ, ಅವನ ದೊಡ್ಡತನ. ನಾನು ಬೇಡವೆನ್ನುತ್ತೇನೆ. ಹಾಕಿಸಿದರೆ ಅಣ್ಣ ಕಾರಣ ಕೇಳುತ್ತಾನೆ.

ಹಿಂದಿನ ಸೀಟನ್ನು ಮರಳಿ ಕೂಡಿಸಿದ್ದೇನೆ, ಹಲಗೆ ತೆಗೆದಿದ್ದೇನೆ. ತಿಂಗಳಿಗೊಮ್ಮೆ ಅಣ್ಣನನ್ನು ಮೊಣಕಾಲಿನ ಚಿಕಿತ್ಸೆಗಾಗಿ ಕಟಕೋಳ, ಸವದತ್ತಿ ಮೇಲೆ ಹಾಯ್ದು ಬೈಲಹೊಂಗಲಕ್ಕೆ ಕರೆತರುತ್ತೇನೆ. ಈಗ ಮಡಿಯ ಪ್ರಶ್ನೆ ಇಲ್ಲವಾದ್ದರಿಂದ ಅವನು ಮುಂದೆ, ನನ್ನ ಪಕ್ಕದ ಸೀಟಿನಲ್ಲಿ ಕೂಡುತ್ತಾನೆ. ಕಳೆದ ಸಲ, ರಸ್ತೆ ಅಗೆದಿದ್ದರಿಂದ, ಗರಸು ಹಾಕಿದ ಒಂದು ಕಡಿದಾದ ಬಳಸುದಾರಿಯಲ್ಲಿ ಹೋಗಬೇಕಾಯಿತು. ನಾನು ಉಸಿರು ಬಿಗಿಹಿಡಿದು ಮೊದಲನೇ ಗೇರಿಗೆ ಹಾಕಿದೆ. ಚಕ್ರಗಳು ನೆಲವನ್ನು ಗಟ್ಟಿಯಾಗಿ ಹಿಡಿದವು. ಕಾರು ಒಂದು ಕಲ್ಲನ್ನೂ ಎರಚದೆ ಮೇಲೆ ಹೋಯಿತು.

ಅಣ್ಣ ಮುಂದಿನ ಗಾಜಿನಲ್ಲಿ ರಸ್ತೆಯನ್ನೇ ನೋಡುತ್ತಿದ್ದ. "ಈಗ ಹೆಂಗ ಏರ್ತದ ನೋಡು" ಎಂದ.

ನಾನು ಗೇರ್ ಬದಲಿಸಿದೆ.

ಈ ಮೇಲಿನ ಸಂಗತಿಗಳು ನನಗೆ ತಿಳಿದಮಟ್ಟಿಗೆ ಸತ್ಯವಾಗಿವೆ. ತಿದ್ದಿಕೊಡುವವನಿಗೆ ತೋರಿಸದೆ ನಾನು ಬರೆದ ಮೊದಲ ಕಾಗದ ಇದಾದ್ದರಿಂದ ಕಾಗುಣಿತದಲ್ಲಿ, ಒತ್ತಕ್ಷರಗಳಲ್ಲಿ, ವಾಕ್ಯಗಳ ಜೋಡಣೆಯಲ್ಲಿ ದೋಷಗಳು ಉಳಿದೇ ಇರುತ್ತವೆ. ಕಂಡಲ್ಲೆಲ್ಲ ತಾವು ಕೆಂಪು ಶಾಯಿಯಿಂದ ಗುರುತು ಮಾಡಿ, ಸರಿಯಾದ ರೂಪವನ್ನು ಪಕ್ಕದಲ್ಲಿ ಬರೆದು ಓದಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.